ಬಿಳಿ ಕಾರಿನ ಬ್ರೇಕು

ಬ್ರೇಕು ಮತ್ತೆ ಕೈಕೊಟ್ಟಿತು.

ಮಾನ್ವಿ ರಸ್ತೆ. ಎದುರಿಗೆ ಭತ್ತದ ಲಾರಿ. ಬಸವಲಿಂಗ ಪೆಡಲಿನ ಮೇಲೆ ಎದ್ದು ನಿಂತೇಬಿಟ್ಟ. ಊಹೂಂ, ಜಗ್ಗಲಿಲ್ಲ. ಕಲ್ಲು ತುಳಿದಷ್ಟು ಬಿಗಿ. ಹ್ಯಾಂಡ್‌ಬ್ರೇಕು ಎಳೆದು, ಸ್ಟೇರಿಂಗು ತಿರುಗಿಸಿ ಹತ್ತಿ ಹೊಲಕ್ಕೆ ನುಗ್ಗಿದ. ಕಾರು ಕುಪ್ಪಳಿಸಿ, ಕುಪ್ಪಳಿಸಿ ನಿಂತಿತು. ಹಿಂದಿನ ಸೀಟಿನಲ್ಲಿ ಮಗಳು ಅನ್ನಪೂರ್ಣ ಅಳುವುದನ್ನೂ ಮರೆತು ಕೂತಿದ್ದಳು. ಹಣೆಯ ಮೇಲೆ ರಕ್ತ.

ಅವನು ಪೆಡಲನ್ನು ಇನ್ನೊಮ್ಮೆ ಒತ್ತಿ ನೋಡಿದ. ಮೆತ್ತಗೆ ಒಳಗೆ ಹೋಯಿತು. ಏನೂ ಆಗಿಯೇ ಇಲ್ಲವೇನೋ ಎಂಬಂತೆ!

ಇದು ಮೂರನೆಯ ಸಲ.

ಕಾರಿಗೆ ಹದಿನಾರು ವರ್ಷ. ಬಸವಲಿಂಗ ರಾಯಚೂರಿನ ಅಕ್ಕಿ ಗಿರಣಿಗಳಿಗೆ ಭತ್ತ ಕೊಡಿಸುವ ದಲಾಲಿ. ಮಾನ್ವಿ, ದೇವದುರ್ಗ ಎಂದು ದಿನಾ ತಿರುಗುವವನು. ಹೊಸದು ತಗೋ ಎಂದವರಿಗೆಲ್ಲ ಅವನದು ಒಂದೇ ಉತ್ತರ: "ರಿಪೇರಿ ವರ್ಷಕ್ಕೊಮ್ಮೆ ಬರತದ. ಕಂತು ತಿಂಗಳಾ ಬರತದ." ಲೆಕ್ಕ ಸರಿಯೇ ಇತ್ತು. ಆದರೆ ಮಗಳ ಹಣೆ ಒರೆಸುತ್ತ ಹೊಲದಲ್ಲಿ ಕೂತವನಿಗೆ ಯಾವ ಲೆಕ್ಕ?

ಅವನ ಹೆಂಡತಿ ಸುನಂದಾಳ ತಮ್ಮ ಗಡಿಗೆಪ್ಪನದು ರಾಯಚೂರಿನಲ್ಲಿ ಹಳೆ ಕಾರು ಕೊಂಡು ಮಾರುವ ವ್ಯಾಪಾರ. ಬಂದಾಗಲೆಲ್ಲ ಬಿಳಿ ಕಾರಿನ ಬಾನೆಟ್ ತಟ್ಟಿ, "ಮಾಮಾ, ಇದಕ್ಕ್ಯಾಕ ರೊಕ್ಕ ಸುರಿಯಾಕತ್ತೀರಿ? ನನಗ ಕೊಟ್ಟುಬಿಡ್ರಿ" ಎನ್ನುತ್ತಿದ್ದ. ನಗುತ್ತಲೇ ಎನ್ನುತ್ತಿದ್ದ.

ದೇವದುರ್ಗದ ಮೆಕ್ಯಾನಿಕ್ ಹುಸೇನಪ್ಪ ಎರಡು ದಿನ ಕಾರಿನ ಕೆಳಗೇ ಮಲಗಿದ. ಎದ್ದು ತಲೆ ಕೆರೆದುಕೊಂಡ.

"ಅಣ್ಣಾರ, ಬ್ರೇಕಿನಾಗ ಏನೂ ಇಲ್ರಿ. ಎಲ್ಲಾ ಹೊಸಾ ಸಾಮಾನು, ಹೋದ ಸಲ ನಾನ ಹಾಕೀನಿ."

"ಹಂಗಾರ ಯಾರರ ಕೈ ಹಚ್ಚ್ಯಾರೇನು?"

"ಅದನ್ನ ನಾ ಹೆಂಗ ಹೇಳ್ಲಿ?" ಹುಸೇನಪ್ಪ ಕೈ ಒರೆಸಿಕೊಂಡು ಬೀಗದ ಕೈ ಕೊಟ್ಟ. "ದೇವರ ಸಾಮಾನು ಕೆಳಗ ಬಿದ್ದಿದ್ದುವು. ಕಾಲಿಗೆ ತಾಕಬಾರದಂತ ಒರಸಿ ಇದ್ದಲ್ಲೇ ಇಟ್ಟೀನ್ರಿ."

ಬಸವಲಿಂಗನಿಗೆ ಆ ಮಾತು ಕೇಳಿಸಲೂ ಇಲ್ಲ. ಅವನ ತಲೆಯಲ್ಲಿ ಬೇರೆಯೇ ಹುಳ ಹೊಕ್ಕಿತ್ತು.

ಮೂರು ಸಲವೂ ಬ್ರೇಕು ಕೈಕೊಟ್ಟದ್ದು ಅಮಾವಾಸ್ಯೆಯ ಮರುದಿನ. ಅಮಾವಾಸ್ಯೆಯ ದಿನ ಕಾರು ತೊಳೆದು ಅಂಗಳದಲ್ಲಿ ನಿಲ್ಲಿಸುವುದು, ತಾಯಿ ನೀಲಗಂಗಮ್ಮ ಪೂಜೆ ಮಾಡುವುದು ಮನೆಯ ಪದ್ಧತಿ. ಸ್ಟೇರಿಂಗಿಗೆ ವಿಭೂತಿ, ಕನ್ನಡಿಗೆ ಕರಿದಾರ, ಮುಂದಿನ ಗಾಜಿನ ಕೆಳಗೆ ಪುಟ್ಟ ಬಸವಣ್ಣ, ಹೂವು, ನಿಂಬೆಕಾಯಿ. ಹೋಳಿಗೆ ಊಟಕ್ಕೆ ತಪ್ಪದೆ ಬರುವವನು ಗಡಿಗೆಪ್ಪ. ಉಂಡವನು ಅಂಗಳದಲ್ಲಿ ಒಬ್ಬನೇ ಅಡ್ಡಾಡುತ್ತಾನೆ. ಕಾರಿನ ಪಕ್ಕದಲ್ಲಿ.

ಹೆದರಿಸಿ ಕಾರು ಕಿತ್ತುಕೊಳ್ಳುವ ಹುನ್ನಾರ! ಥೂ, ಸ್ವಂತ ಅಕ್ಕನ ಮನೆಗೆ!

ಅಂದು ಸಂಜೆಯೇ ಗಡಿಗೆಪ್ಪನನ್ನು ಕರೆಸಿ ಬೀಗದ ಕೈ ಎದೆಗೆ ಎಸೆದ.

"ಒಂದು ಕಾರಿಗೆ ನನ್ನ ಕೂಸಿನ ಜೀವ ತಗೀತಿಯೇನಲೇ? ಒಯ್ಯಿ!"

ಗಡಿಗೆಪ್ಪನ ಮುಖ ಬಿಳಿಚಿತು. "ಮಾಮಾ, ಅನ್ನಪೂರ್ಣ ನನಗೂ ಮಗಳಿದ್ದಂಗ." ಆಮೇಲೆ ಬಗ್ಗಿ ಬೀಗದ ಕೈ ಎತ್ತಿಕೊಂಡ. "ಒಯ್ತೀನಿ. ಆದರ ಮಾರಂಗಿಲ್ಲ, ನಾನ ಓಡಸ್ತೀನಿ. ಇದರಾಗ ಏನೂ ಕೆಟ್ಟಿಲ್ಲ."

"ಕೆಟ್ಟಿಲ್ಲಂತ ನಿನಗ ಹೆಂಗ ಗೊತ್ತು?"

ಗಡಿಗೆಪ್ಪ ಬೀಗದ ಕೈ ಕಿಸೆಗೆ ಹಾಕಿಕೊಂಡು ಹೊರಟ. ಸುನಂದಾ ಅಳುತ್ತ ಒಳಗೆ ಹೋದಳು.

ವಾರದಲ್ಲಿ ಹೊಸ ಕಾರು ಬಂತು. ಕಂತೂ ಬಂತು. ನೀಲಗಂಗಮ್ಮ ಬಿಳಿ ಕಾರು ಹೋಗುವ ಮೊದಲೇ ತನ್ನ ಬಸವಣ್ಣನನ್ನು ತೆಗೆದಿಟ್ಟುಕೊಂಡಿದ್ದಳು, "ನಮ್ಮ ದೇವರು ನಮ್ಮ ಜೋಡಿ ಇರಲಿ." ಅಮಾವಾಸ್ಯೆಗೆ ಹೊಸ ಕಾರಿಗೆ ಭರ್ಜರಿ ಪೂಜೆ ಆಯಿತು. ಗಡಿಗೆಪ್ಪ ಊಟಕ್ಕೆ ಬರಲಿಲ್ಲ.

ಬಂದದ್ದು ಮರುದಿನ, ಬಿಳಿ ಕಾರಿನಲ್ಲಿ. ದೇವದುರ್ಗದಲ್ಲಿ ಅವನ ಮಗನ ತೊಟ್ಟಿಲ ಕಾರ್ಯ; ಅಕ್ಕನನ್ನು ಕರೆಯಲು ಬಂದಿದ್ದ. ಸುನಂದಾ ಗಂಡನ ಮುಖ ನೋಡದೆ ತಮ್ಮನ ಕಾರು ಹತ್ತಿದಳು. ಬಸವಲಿಂಗ ಬೂಟು ಹಾಕಿಕೊಳ್ಳುವಷ್ಟರಲ್ಲಿ ಅನ್ನಪೂರ್ಣಳೂ ಹಿಂದಿನ ಸೀಟಿಗೆ ಹಾರಿ ಕೂತಿದ್ದಳು.

ಓಣಿಯ ಮಂದಿಯ ಎದುರು ಕೂಗಾಡುವಂತಿರಲಿಲ್ಲ. ತಾಯಿಯನ್ನು ಹೊಸ ಕಾರಿಗೆ ಹತ್ತಿಸಿಕೊಂಡು ಅವರ ಹಿಂದೆಯೇ ಹೊರಟ.

"ಅವರ ಬೆನ್ನ ಬಿಡಬ್ಯಾಡ ಯಪ್ಪಾ," ಎಂದಳು ಪಕ್ಕದಲ್ಲಿ ಕೂತ ನೀಲಗಂಗಮ್ಮ. "ಕೂಸು ಅದರಾಗ ಅದ."

ಬೆನ್ನು ಬಿಡಲಿಲ್ಲ. ಬಿಳಿ ಕಾರು ಜೋರಾದರೆ ಇವನೂ ಜೋರು. ಕಣ್ಣು ಅದರ ಹಿಂದಿನ ದೀಪಗಳ ಮೇಲೆಯೇ. ಇವತ್ತು ಅಮಾವಾಸ್ಯೆಯ ಮರುದಿನ. ಅವನಿಗೆ ಬೇರೇನೂ ಹೊಳೆಯುತ್ತಿರಲಿಲ್ಲ. ಗಬ್ಬೂರು ಹತ್ತಿರ ರಸ್ತೆ ಹದಗೆಟ್ಟಿತ್ತು. ಹೊಸ ಕಾರು ತಗ್ಗಿಗೆ ಇಳಿದು ಎದ್ದಿತು. ನೀಲಗಂಗಮ್ಮ ಮಗ್ಗುಲಿಗೆ ವಾಲಿದ ಬಸವಣ್ಣನನ್ನು ಎತ್ತಿ ಕೂರಿಸಿ ಕಣ್ಣಿಗೊತ್ತಿಕೊಂಡಳು.

ಗಬ್ಬೂರಿನ ನಿಲ್ದಾಣದಿಂದ ಬಸ್ಸೊಂದು ಸರಕ್ಕನೆ ಅಡ್ಡ ಬಂತು.

"ಹಿಡೀಲಪ್ಪಾ, ಬ್ರೇಕ್ ಹಿಡೀಲಿ!" ಬಸವಲಿಂಗ ಚೀರಿದ.

ಬಿಳಿ ಕಾರಿನ ಕೆಂಪು ದೀಪ ಹತ್ತಿತು. ಹದಿನಾರು ವರ್ಷದ ಆ ಕಾರು ಬಸ್ಸಿಗೆ ಮಾರು ದೂರದಲ್ಲಿ ಗಪ್ಪನೆ ನಿಂತಿತು. ಹಿಂದಿನ ಗಾಜಿಗೆ ಮೂಗು ಒತ್ತಿದ ಅನ್ನಪೂರ್ಣ ಅಪ್ಪನಿಗೆ ಕೈ ಬೀಸಿದಳು. ಬದುಕಿದೆ ಎಂದುಕೊಂಡು ಬಸವಲಿಂಗ ತನ್ನ ಬ್ರೇಕು ತುಳಿದ.

ಪೆಡಲು ಜಗ್ಗಲಿಲ್ಲ, ಜೀವ ಬಿಟ್ಟು ಒತ್ತಿದಾಗ ಅದರ ಹಿಂದೆ ಸಿಕ್ಕಿಕೊಂಡಿದ್ದ ಏನೋ ಗುಂಡಗಿನದು ಪಿಚ್ಚನೆ ಬಿರಿದು, ಹೊಸ ಕಾರಿನ ತುಂಬ ನಿಂಬೆಯ ವಾಸನೆ ಹರಡಿತು.