ಸೇತುವೆ ಬಂತು, ದಾಟಿ ಬಾ

"ದೋಣಿ ಹತ್ತುತಾ ಇದೀವಿ, ಥವಿ. ಹಲಗೆ ಜಾರುತ್ತೆ, ನೋಡ್ಕೊಂಡು ಬಾ."

ತನ್ನ ಹಿಂದಿನ ಖಾಲಿ ಮೆಟ್ಟಿಲುಗಳಿಗೆ ಇಷ್ಟು ಹೇಳಿ, ಉರಿಯುವ ಊದುಬತ್ತಿಯನ್ನು ಗಾಳಿಗೆ ಮರೆಮಾಡಿಕೊಂಡು ಚನ್‌ಸೊಮ್ ದೋಣಿಗೆ ಕಾಲಿಟ್ಟಳು. ಮಡಿಲಲ್ಲಿ ಬಿಳಿಬಟ್ಟೆಯ ಗಂಟು. ಗಂಟಿನಲ್ಲಿ ಮಗನ ಮೂಳೆ. ಜೊತೆಗಿದ್ದ ಅಣ್ಣ ಫೊಮ್ಮಾ ದೋಣಿಯವನಿಗೆ ಮೂರು ಬೆರಳು ತೋರಿಸಿದ. ಕಣ್ಣಿಗೆ ಕಾಣುವವರು ಇಬ್ಬರೇ ಇದ್ದರೂ ದೋಣಿಯವನು ತಕರಾರು ಮಾಡಲಿಲ್ಲ.

ಮೆಕಾಂಗ್ ನದಿಯ ಆ ದಡ ಥಾಯ್ಲೆಂಡ್, ಈ ದಡ ಇವರ ಊರಿರುವ ಲಾವೋಸ್. ಆ ದಡದ ರಬ್ಬರ್ ತೋಟದಲ್ಲಿ ಲಾರಿ ಮಗುಚಿ ಥವಿ ಸತ್ತಿದ್ದ. ಆ ತೋಟ ಸೇರಿ ಎರಡೇ ದಿನವಾಗಿತ್ತು, ಗುರುತಿನವರು ಯಾರೂ ಇರಲಿಲ್ಲ. ಅಂಗಿಯ ಜೇಬಿನಲ್ಲಿ ಸಿಕ್ಕ ಗಡಿ ಪಾಸು ನೋಡಿ ಊರಿಗೆ ಹೇಳಿಕಳಿಸಿದ್ದರು. ಬೇಸಿಗೆಯಲ್ಲಿ ಹೆಣ ಕಾಯುವುದಿಲ್ಲ. ತಾಯಿ ತಲುಪುವಷ್ಟರಲ್ಲಿ ಅಲ್ಲಿನ ಭಿಕ್ಷುಗಳೇ ನಿಂತು ಸುಡಿಸಿದ್ದರು.

ಪರಸ್ಥಳದಲ್ಲಿ ಸತ್ತವರಿಗೆ ದಾರಿ ತಿಳಿಯುವುದಿಲ್ಲ. ಸತ್ತ ಜಾಗದಲ್ಲಿ ನಿಂತು ಹೆಸರು ಹಿಡಿದು ಕೂಗಬೇಕು. ಆಮೇಲೆ ಪ್ರತಿ ಹೊಳೆ, ಪ್ರತಿ ಸೇತುವೆ, ಪ್ರತಿ ತಿರುವಿನಲ್ಲೂ ಹೇಳುತ್ತಾ ಕರೆತರಬೇಕು. ಒಂದು ಕಡೆ ಮರೆತರೂ ಮುಗಿಯಿತು, ಅಲ್ಲೇ ಉಳಿದುಬಿಡುತ್ತಾರೆ. ಗಂಡನನ್ನು ಪಟ್ಟಣದ ಆಸ್ಪತ್ರೆಯಿಂದ ತರುವಾಗ ಚನ್‌ಸೊಮ್ ಅಳುವಿನ ಭರದಲ್ಲಿ ಒಂದು ಸೇತುವೆ ಮರೆತಿದ್ದಳು. ಹನ್ನೊಂದು ವರ್ಷವಾಯಿತು, ಅವನು ಒಮ್ಮೆಯೂ ಕನಸಿಗೆ ಬಂದಿಲ್ಲ. ಅದಕ್ಕೇ ಈ ಸಲ ಅವಳು ಅಳಲಿಲ್ಲ. ಅಳುವುದಕ್ಕೆ ಜೀವಮಾನವಿಡೀ ಇದೆ, ದಾರಿ ಹೇಳುವುದಕ್ಕೆ ಇವತ್ತೊಂದೇ ದಿನ.

ಈ ದಡದ ಗಡಿ ಕಚೇರಿಯಲ್ಲಿ ಗುಮಾಸ್ತ ಪಾಸನ್ನು ತಿರುಗಿಸಿ ನೋಡಿದ. ನೀರು ಕುಡಿದು ಅದರ ಫೋಟೋ ಮಾಸಿತ್ತು.

"ಈ ಮನುಷ್ಯ ಎಲ್ಲಮ್ಮಾ?"

"ಬಂದಿದಾನೆ ಸಾರ್. ನನ್ನ ಹಿಂದೇನೇ ಇದಾನೆ."

ಗುಮಾಸ್ತನೂ ಆ ಸೀಮೆಯವನೇ. ಊದುಬತ್ತಿ ನೋಡಿದ, ಗಂಟು ನೋಡಿದ, 'ಮರಳಿದ್ದಾನೆ' ಎಂದು ಮುದ್ರೆ ಒತ್ತಿದ.

ಹೊರಗೆ ಫೊಮ್ಮಾನ ಟಿಲ್ಲರ್ ಗಾಡಿ ನಿಂತಿತ್ತು. ಚನ್‌ಸೊಮ್ ತನ್ನ ಹಿಂದೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು.

"ಸೇತುವೆ ಬಂತು, ಮಗಾ. ದಾಟಿ ಬಾ."

ಗಾಡಿಯ ಹಿಂಬದಿ ತುಸು ತಗ್ಗಿತು. ಬಂದಿದ್ದಾನೆ, ಅನುಮಾನವೇ ಇಲ್ಲ. ಕರೆತರುವವರು ತಿರುಗಿ ನೋಡಬಾರದು; ಆ ಆಸೆಯನ್ನು ಹಲ್ಲು ಕಚ್ಚಿ ತಡೆದುಕೊಂಡಳು.

ಬೂರುಗದ ಮರದ ಹತ್ತಿರ ದಾರಿ ಎರಡಾಗುತ್ತದೆ. ಸರಿಯಾಗಿ ಅಲ್ಲೇ ಟಿಲ್ಲರ್ ನಿಂತುಹೋಯಿತು.

"ಎಡಕ್ಕೆ, ಥವಿ. ಎಡಕ್ಕೆ."

ಊದುಬತ್ತಿಯ ಹೊಗೆ ಬಲಕ್ಕೇ ವಾಲುತ್ತಿತ್ತು. ಮರದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಹುಟ್ಟಿದ ಊರಿನ ದಾರೀನೂ ಹೇಳಿಕೊಡ್ಬೇಕೇನೇ ಅವನಿಗೆ?" ಫೊಮ್ಮಾ ಹ್ಯಾಂಡಲ್ ತಿರುಗಿಸುತ್ತಾ ಗೊಣಗಿದ. "ಕುಡಿದು ಕಣ್ಣು ಕಾಣ್ದೆ ಇದ್ದಾಗ್ಲೂ ನೆಟ್ಟಗೆ ಮನೆಗೇ ಬರ್ತಿದ್ದ ಭೂಪ!"

"ಸತ್ತ ಗಾಬರಿ ಇರುತ್ತಣ್ಣ. ಸುಮ್ನಿರು ನೀನು."

ಹಾಗೆಂದಳೇ ಹೊರತು ಅವಳಿಗೂ ಹಾಗೇ ಅನಿಸಿತ್ತು. ಹಿಂದೆ ಕೂತವನು ಹೊಸ ಊರಿಗೆ ಬಂದ ನೆಂಟನ ಹಾಗೆ ಮುದುಡಿಕೊಂಡಿದ್ದಾನೆ. ಬಾಗಿಲು ದಾಟುವ ಮೊದಲೇ ಊಟಕ್ಕೆ ಕೂಗಾಡುತ್ತಿದ್ದ ಮಗ ಇಷ್ಟು ಮೆತ್ತಗಾಗಿಬಿಟ್ಟನಲ್ಲ ಎಂದು ಮರುಗಿದಳು.

"ಎಡಕ್ಕೆ ಬಾ ಕಂದಾ," ಎಂದು ಬೇಡಿಕೊಂಡಳು. "ಹೆದರಬೇಡ. ಅಮ್ಮ ಇದೀನಲ್ಲ."

ಈ ಸಲ ಹೆಸರು ಹಿಡಿಯಲಿಲ್ಲ. ಹೊಗೆ ಎಡಕ್ಕೆ ಹೊರಳಿತು. ಟಿಲ್ಲರ್ ಚಾಲೂ ಆಯಿತು.

ಮನೆಯ ಮುಂದೆ ಊರೇ ಸೇರಿತ್ತು. ಯಾರೂ ಅಳುತ್ತಿರಲಿಲ್ಲ. ಗುಂಪು ಎರಡಾಗಿ ದಾರಿ ಬಿಟ್ಟಿತು. ಮರದ ಮೆಟ್ಟಿಲ ಮೇಲೆ ಥವಿ ಕೂತಿದ್ದ. ಅದೇ ಮಾಸಿದ ನೀಲಿ ಅಂಗಿ, ಅದೇ ಬಾಚದ ತಲೆ.

ಚನ್‌ಸೊಮ್‌ಗೆ ಆಶ್ಚರ್ಯವಾಗಲಿಲ್ಲ. ಮೂರು ದಿನದ ಕಷ್ಟ ಸಾರ್ಥಕವಾಯಿತೆಂದು ಮನಸ್ಸು ತಂಪಾಯಿತು.

"ನನಗಿಂತ ಮುಂಚೆ ಬಂದ್ಬಿಟ್ಟೆಯಾ, ಮಗಾ?"

"ಅಮ್ಮಾ, ನಾನು ಸತ್ತಿಲ್ಲ ಕಣಮ್ಮಾ!"

ಓಡಿಬಂದು ಅವಳ ಕೈ ಹಿಡಿದುಕೊಂಡ. ಬೆಚ್ಚಗಿನ ಕೈ, ಬೆವರಿನ ಕೈ. ಫೊಮ್ಮಾ ಅಳಿಯನ ಕಪಾಳಕ್ಕೆ ಒಂದು ಬಾರಿಸಿ, ಆಮೇಲೆ ಅವನನ್ನೇ ತಬ್ಬಿಕೊಂಡು ಗೊಳೋ ಎಂದು ಅತ್ತ. ಚನ್‌ಸೊಮ್ ಮಗನ ಮುಖ, ಕಿವಿ, ಭುಜ ಎಲ್ಲ ಸವರಿ ಸವರಿ ನೋಡಿದಳು. ತಡೆಹಿಡಿದಿದ್ದ ಅಳುವೆಲ್ಲ ಒಮ್ಮೆಗೇ ಉಕ್ಕಿಬಂತು.

"ಮತ್ತೆ ಆ ಪಾಸು?" ಫೊಮ್ಮಾ ಕಣ್ಣೊರೆಸಿಕೊಂಡು ಕೇಳಿದ.

"ಬಸ್ ಸ್ಟ್ಯಾಂಡಲ್ಲಿ ಒಬ್ಬ ಸಿಕ್ಕಿದ್ದ, ಮಾವ. ನನ್ನ ವಯಸ್ಸಿನವನೇ. ಪಾಸಿಲ್ದೆ ಯಾರೂ ಕೆಲಸ ಕೊಡ್ತಿಲ್ಲ, ಎರಡು ದಿನದಿಂದ ಊಟ ಇಲ್ಲ ಅಂದ. ನಾನು ಹೆಂಗೂ ವಾಪಸ್ ಹೊರಟಿದ್ದೆ, ಮೀನಿನ ದೋಣೀಲಿ ಬಂದ್ರಾಯ್ತು ಅಂತ ಪಾಸು ಅವನಿಗೇ ಕೊಟ್ಟೆ. ಆ ದೋಣಿ ಸಿಗೋಕೆ ಇಷ್ಟು ದಿನ ಆಯ್ತು." ಥವಿ ತಲೆ ತಗ್ಗಿಸಿದ. "ಹೆಸರೂ ಕೇಳ್ಲಿಲ್ಲ."

ಅಷ್ಟು ಹೊತ್ತೂ ಥವಿಯ ಕಾಲ ಬಳಿ ಬಾಲ ಆಡಿಸುತ್ತಿದ್ದ ನಾಯಿ ಈಗ ಟಿಲ್ಲರ್ ಗಾಡಿಯ ಖಾಲಿ ಜಾಗ ನೋಡಿ ಗುರ್ರೆಂದಿತು. ಜನ ಹಿಂದೆ ಸರಿದರು. ಬಾಗಿಲು ಹಾಕಿ ಎಂದು ಯಾರೋ ಕೂಗಿದರು. ಚನ್‌ಸೊಮ್ ಮಗನ ಕೈ ಬಿಡಿಸಿಕೊಂಡು ಗಾಡಿಯ ಹತ್ತಿರ ಹೋಗಿ ನಿಂತಳು.

"ಇಳಿದು ಬಾ ಕಂದಾ, ಮೊದಲು ಊಟ ಮಾಡು," ಎಂದಳು, "ಯಾರ ಮಗ ನೀನು ಅಂತ ಆಮೇಲೆ ಹೇಳುವೆಯಂತೆ."