ತಿರುಗಿ ಬಂದ ರವಿಕೆ ಕಣ

ಎದುರುಮನೆಯ ಅರಿಶಿನ-ಕುಂಕುಮಕ್ಕೆ ಹೋಗಿ ಬಂದ ಸೊಸೆ ತಾಂಬೂಲದ ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು.

"ನೋಡಿ ಅತ್ತೆ, ಗೌರಿಹಬ್ಬದಲ್ಲಿ ನಾನು ಕೊಟ್ಟಿದ್ದ ರವಿಕೆ ಕಣ ಬೀದಿಯೆಲ್ಲ ಸುತ್ತಿ ನನಗೇ ವಾಪಸ್ ಬಂದಿದೆ! ಅಂಚು ನೋಡಿದ ಕೂಡ್ಲೇ ಗೊತ್ತಾಯ್ತು."

ಅತ್ತೆ ಅವರೆಕಾಯಿ ಬಿಡಿಸುತ್ತಲೇ ಇದ್ದರು. "ಬರದೇ ಏನು? ತಾಂಬೂಲದ ಕಣ ಯಾರು ಹೊಲಿಸ್ಕೋತಾರೆ? ಒಬ್ಬರು ಕೊಟ್ಟಿದ್ದನ್ನ ಇನ್ನೊಬ್ಬರಿಗೆ ದಾಟಿಸೋದೇ."

"ಬೇರೆ ಕಣ ಆಗಿದ್ರೆ ಸುಮ್ನಿರ್ತಿದ್ದೆ. ಇದಕ್ಕೆ ಕೂತು ಗಿಳಿ ಕಸೂತಿ ಹಾಕಿದ್ದೆ. ಅವತ್ತು ನೀವೂ ಬೈದ್ರಿ."

"ಬೈದೆ. ಒಲೆ ಮೇಲೆ ಹಾಲು ಉಕ್ಕಿಸ್ಕೊಂಡು ಗಿಳಿ ಹಾಕ್ತಾ ಕೂತಿದ್ದೆಯಲ್ಲ!"

"ಒಬ್ಬರಾದ್ರೂ ಬಿಚ್ಚಿ ನೋಡಿದ್ರೆ ಹೀಗೆ ದಾಟಿಸ್ತಿದ್ರಾ? ಇನ್ನು ನಾನು ಸೂಜಿ ಮುಟ್ಟಲ್ಲ. ಇದನ್ನ ಕತ್ತರಿಸಿ ಒಲೆ ಒರೆಸೋ ಬಟ್ಟೆ ಮಾಡ್ತೀನಿ."

ಒಳಗೆ ಹೋಗಿ ಕತ್ತರಿ ತಂದಳು.

"ಕತ್ತರಿಸೋ ಮುಂಚೆ ಮಡಿಕೆ ಬಿಚ್ಚು," ಎಂದರು ಅತ್ತೆ.

ಅವಳು ಸಿಟ್ಟಿನಲ್ಲೇ ಕೊಡವಿದಳು. ಅವಳ ಗಿಳಿ ಇದ್ದಲ್ಲೇ ಇತ್ತು. ಆದರೆ ಅದರ ಕಾಲಡಿಗೆ ಅವಳು ಹಾಕದಿದ್ದ ಕೊಂಬೆಯೊಂದು ಬಂದಿತ್ತು. ಕೊಂಬೆಯ ತುಂಬ ಬೇರೆ ಯಾರದೋ ಕೈಯ ಎಲೆಗಳು, ಬೇರೆಯೇ ಹಸಿರಿನ ದಾರ. ಪಕ್ಕದಲ್ಲಿ ಇನ್ನೊಂದು ಗಿಳಿ, ಅವಳದಕ್ಕಿಂತ ದಪ್ಪ. ಎರಡರ ಕೊಕ್ಕಿನ ನಡುವೆ ಒಂದು ಕಡೆಗೆ ವಾಲಿದ ಕೆಂಪು ಹಣ್ಣು.

"ಇದೆಲ್ಲ ಯಾರು ಹಾಕಿದ್ದು?"

ಅತ್ತೆ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ.

"ಬೇರೆಯವರದು ನಂಗೊತ್ತಿಲ್ಲ. ನವರಾತ್ರಿಲಿ ನನ್ನ ಕೈಗೆ ಬಂದಿತ್ತು. ಆ ಸೊಟ್ಟ ಹಣ್ಣು ನಂದು ಕಣೇ."