ಪಾಲೆಯ ಕಷಾಯ

ಸ್ಟೀಲಿನ ಲೋಟ ಇನ್ನೇನು ಮಗಳು ಮೋಕ್ಷಾಳ ತುಟಿಗೆ ತಾಗಬೇಕು, ಭವ್ಯಶ್ರೀ ಕಸಿದುಕೊಂಡಳು. ಪಾಲೆ ಮರದ ತೊಗಟೆಯ ಕಷಾಯ ಮಗುವಿನ ಅಂಗಿಯ ಮೇಲೆಲ್ಲ ಚೆಲ್ಲಿತು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಈ ಕಷಾಯ ಕುಡಿಯುವ ವಾಡಿಕೆಯಂತೆ ಖಾಲಿ ಹೊಟ್ಟೆಯಲ್ಲಿ ಬಂದು ಉರ್ವದ ಆ ಮನೆಯ ಜಗಲಿಯಲ್ಲಿ ಕಾದಿದ್ದ ನೆರೆಯವರು ತಿರುಗಿ ನೋಡಿದರು.

"ಎಂತ ಆಯ್ತು?" ಸೌಟು ಹಿಡಿದಿದ್ದ ಮಾವ ಲೋಕನಾಥ ಕೇಳಿದರು.

"ಇಷ್ಟು ದೊಡ್ಡ ಲೋಟ ಯಾಕೆ ಮಾವ? ಅತ್ತೆ ಯಾವಾಗಲೂ ತೆಂಗಿನ ಸಣ್ಣ ಗೆರಟೆಯಲ್ಲಿ ಅಲ್ವಾ ಕೊಡುವುದು?"

"ಅದು ಹಿಂದಿನವರ ಅಂದಾಜು. ಇದರಿಂದ ಮಲೇರಿಯಾದ ರೋಗಾಣು ಸಾಯ್ತದೆ ಅಂತ ನಿನ್ನ ಲ್ಯಾಬಲ್ಲೇ ಗೊತ್ತಾಯ್ತಲ್ಲ. ಮತ್ತೆ ಜಿಪುಣತನ ಎಂತಕ್ಕೆ?"

ಹೇಳಿದವಳು ಅವಳೇ. ಹೋದ ತಿಂಗಳು ಊಟಕ್ಕೆ ಕೂತಾಗ, ಹಿಗ್ಗು ತಡೆಯಲಾರದೆ. ಆಗ ಮುಗಿದದ್ದು ಮೊದಲ ಪರೀಕ್ಷೆ ಮಾತ್ರ. ಅದೇ ಕಷಾಯವನ್ನು ಮನುಷ್ಯರ ಲಿವರಿನ ಜೀವಕೋಶಗಳಿಗೆ ಹಾಕಿಟ್ಟು ನಿನ್ನೆ ಸಂಜೆ ನೋಡಿದ್ದಳು. ಸ್ವಲ್ಪ ಹಾಕಿದಲ್ಲಿ ಬದುಕಿದ್ದವು, ಹೆಚ್ಚು ಹಾಕಿದಲ್ಲಿ ಸತ್ತಿದ್ದವು. ಇನ್ನೊಮ್ಮೆ ಮಾಡಿ ನೋಡದೆ ಬಾಯಿ ಬಿಡುವುದು ಬೇಡವೆಂದು ಸುಮ್ಮನಿದ್ದವಳಿಗೆ ರಾತ್ರಿಯಿಡೀ ನಿದ್ದೆ ಹತ್ತಿರ ಸುಳಿದಿರಲಿಲ್ಲ.

"ನಮ್ಮ ಕೆಲಸ ಅರ್ಧವೇ ಆದದ್ದು ಮಾವ. ಹೆಚ್ಚು ಕುಡಿದರೆ ಲಿವರಿಗೆ ತೊಂದರೆ ಉಂಟು ಅಂತ ಕಾಣ್ತದೆ. ಯಾರಿಗೂ ಲೋಟದಲ್ಲಿ ಕೊಡಬೇಡಿ."

ಸೌಟು ಮೆಲ್ಲಗೆ ಪಾತ್ರೆಗಿಳಿಯಿತು. ಮಾವ ಹೆಗಲ ಬೈರಾಸಿನಿಂದ ಒದ್ದೆ ಮೀಸೆ ಒರೆಸಿಕೊಂಡರು.

"ನಾನು ಎರಡು ಲೋಟ ಕುಡಿದೆ ಭವ್ಯಾ," ಎಂದರು. "ಸೊಸೆಯೇ ಪರೀಕ್ಷೆ ಮಾಡಿದ್ದಲ್ವಾ ಅಂತ."